ಹೊದಿಕೆಯ ಹಿಂಬದಿ

ಮಗಳು ಫೋನನ್ನು ಹೊಲಿಗೆ ಯಂತ್ರದ ಮೇಲೆಯೇ ಇಟ್ಟಳು. "ಅಮ್ಮಾ, ನೋಡಿಲ್ಲಿ, ಅಜ್ಜಿ ಹೊದಿಕೆ! ಯಾರೋ ದಿಂಬಿನ ಕವರ್ ಮೇಲೆ ಅಚ್ಚು ಹಾಕಿ ಮಾರ್ತಿದ್ದಾರೆ."

ಟೈಲರಮ್ಮ ಪೆಡಲಿನಿಂದ ಕಾಲು ತೆಗೆದಳು. ಹೌದು, ಅವಳ ಅಮ್ಮ ಹಳೆ ಬಟ್ಟೆಯ ಚೂರುಗಳನ್ನು ಸೇರಿಸಿ ಹೊಲಿದದ್ದೇ. ಅಮ್ಮ ತೀರಿಕೊಂಡ ವರ್ಷ ಅಣ್ಣ ಅದನ್ನು ಇವಳಿಗೊಂದು ಮಾತೂ ಹೇಳದೆ ಸಂಗ್ರಹಾಲಯಕ್ಕೆ ಕೊಟ್ಟಿದ್ದ. ಸಂಗ್ರಹಾಲಯದವರು ಈಗ ತಮ್ಮಲ್ಲಿದ್ದುದನ್ನೆಲ್ಲ ಫೋಟೋ ತೆಗೆದು, ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಿಕೊಳ್ಳಿ ಎಂದು ಇಂಟರ್ನೆಟ್ಟಿಗೆ ಹಾಕಿದ್ದರು.

"ಜಗಳ ಆಡ್ತೀಯಾ?" ಮಗಳಿಗೆ ಹುಮ್ಮಸ್ಸು.

"ಎಲ್ಲರಿಗೂ ಕೊಟ್ಟಿದ್ದಾರಂತಲ್ಲ, ನಂಗೇನು ಕೊಂಬು ಬಂದಿದೆಯಾ? ಸ್ವಲ್ಪ ದೊಡ್ಡದು ಮಾಡು. ಆ ಮೂಲೆ."

ಮೂಲೆಯಲ್ಲಿ ಕೆಂಪು ತೇಪೆ. ಟೈಲರಮ್ಮನಿಗೆ ಒಂಬತ್ತು ವರ್ಷವಿದ್ದಾಗ, ಅಮ್ಮ ಜ್ವರದಲ್ಲಿ ಮಲಗಿದ್ದ ದಿನ, ಸಹಾಯ ಮಾಡುತ್ತೇನೆಂದು ಅಲ್ಲಿ ನೀಲಿ ದಾರದಲ್ಲಿ ಎರಡು ಸಾಲು ಹೊಲಿದಿದ್ದಳು. "ಕುಡುಕ ನಡೆದ ಹಾಗಿದೆಯಲ್ಲೇ" ಎಂದಿದ್ದಳು ಅಮ್ಮ. ವಾರದೊಳಗೆ ಅದರ ಮೇಲೆ ಈ ತೇಪೆ ಬಂದಿತ್ತು. ಅಮ್ಮ ಆ ಹೊಲಿಗೆಯನ್ನು ಬಿಚ್ಚಿ ಹಾಕಿದಳೋ, ಹಾಗೇ ಬಿಟ್ಟಳೋ? ತಿರುಗಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆಗ ಧೈರ್ಯ ಬರಲಿಲ್ಲ. ಧೈರ್ಯ ಬರುವ ಹೊತ್ತಿಗೆ ಅಮ್ಮನೂ ಇರಲಿಲ್ಲ, ಹೊದಿಕೆಯೂ ಇರಲಿಲ್ಲ.

ಫೋಟೋದಲ್ಲಿದ್ದದ್ದು ಮುಂಬದಿ ಮಾತ್ರ. ಎರಡು ದಿನ ಹಿಂದೆ ಮುಂದೆ ನೋಡಿ, ಕೊನೆಗೆ ಸಂಗ್ರಹಾಲಯಕ್ಕೆ ಫೋನು ಮಾಡಿದಳು.

"ಹಿಂಬದಿ ಯಾರಿಗೆ ಬೇಕಮ್ಮಾ? ಬರೀ ಗಂಟು," ಎಂದ ಅಲ್ಲಿಯ ಗುಮಾಸ್ತ.

"ಹೊಲಿಯೋರು ಮೊದಲು ನೋಡೋದೇ ಅದನ್ನ, ಸ್ವಾಮಿ. ನಿಮ್ಮ ಅಂಗಿ ತಿರುಗಿಸಿ ನೋಡಿ, ನಿಮ್ಮ ದರ್ಜಿ ಎಂಥೋನು ಅಂತ ಗೊತ್ತಾಗತ್ತೆ."

ಆ ಕಡೆಯಿಂದ ನಗು ಕೇಳಿಸಿತು. "ಆಯ್ತಮ್ಮ, ತೆಗೆಸ್ತೀನಿ."

ಮೂರು ವಾರಕ್ಕೆ ಫೋಟೋ ಬಂತು. ಅಷ್ಟರಲ್ಲಿ ಕುಡುಕನ ನಡಿಗೆಯ ಕಥೆಯೆಲ್ಲ ಕೇಳಿಕೊಂಡಿದ್ದ ಮಗಳು ಅದನ್ನು ಹೊದಿಕೆಯಷ್ಟೇ ದೊಡ್ಡದಾಗಿ ಮುದ್ರಿಸಿ ತಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿದಳು.

ನೀಲಿ ದಾರ ಅಲ್ಲೇ ಇತ್ತು. ಎರಡೂ ಸಾಲು, ಅದೇ ಓಲಾಟ, ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ತೇಪೆ ಹಿಡಿಸಿದ ಅಮ್ಮನ ಸಣ್ಣ ಹೊಲಿಗೆ ಅವುಗಳ ಸುತ್ತ ಬಳಸಿಕೊಂಡು ಹೋಗಿತ್ತು. ಎಲ್ಲಿಯೂ ಅವನ್ನು ದಾಟಿರಲಿಲ್ಲ.

"ಅಮ್ಮಾ, ಇನ್ಮೇಲೆ ಇದನ್ನೂ ಯಾರು ಬೇಕಾದ್ರೂ ಬಳಸಬಹುದಂತೆ. ನಿನ್ನ ಕುಡುಕನೂ ದಿಂಬಿನ ಮೇಲೆ ಬರ್ತಾನೆ, ನೋಡ್ತಿರು."

"ಬರ್ಲಿ ಬಿಡು."

ಸಾಲಿನ ಕೊನೆಯಲ್ಲಿ ಅವಳು ಹಾಕಿದ್ದ ದಪ್ಪ ಗಂಟು ಕಾಣುತ್ತಿತ್ತು. ಟೈಲರಮ್ಮ ಅದರ ಮೇಲೆ ಬೆರಳಿಟ್ಟಳು. ಕಾಗದ ನುಣ್ಣಗಿತ್ತು. ಆದರೂ ಬೆರಳು ಅಲ್ಲಲ್ಲೇ ಸವರುತ್ತ ಗಂಟನ್ನು ಹುಡುಕುತ್ತಿತ್ತು.