ಸರದಿಯಲ್ಲಿ ಸವೆದ ಬದನೆ ಗಿಡ

ಯಾರು ಏನು ಕೇಳಿದರೂ ‘ಹೂಂ’ ಅನ್ನುವ ಹುಡುಗಿಗೆ ಕಾಲೇಜಿನಲ್ಲಿ ಬಿದ್ದ ಹೆಸರೇ ಹೂಂ. ಸಸ್ಯಶಾಸ್ತ್ರದ ಮೇಷ್ಟ್ರು ಎಲ್ಲರಿಗೂ ಬದನೆ ಬೀಜ ಹಂಚಿ, ಕುಂಡದಲ್ಲಿ ಬೆಳೆಸಿ ತನ್ನಿ, ತಾರದವರು ಪರೀಕ್ಷೆಗೆ ಕೂರುವ ಹಾಗಿಲ್ಲ ಎಂದಿದ್ದರು. ಉಳಿದವರ ಬೀಜಗಳು ಜೇಬಿನಲ್ಲೇ ಕೂತು ಬಟ್ಟೆಯ ಜೊತೆ ಒಗೆಸಿಕೊಂಡವು. ಮಣ್ಣು ಕಂಡದ್ದು ಹೂಂಳದೊಂದೇ.

ಅದನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು. ತನಗೆ ಜ್ವರ ಬಂದಾಗ ಮೊಮ್ಮಗಳು ಇಷ್ಟು ಸಲ ಇಣುಕಿ ನೋಡಿರಲಿಲ್ಲವೆಂದು ಅಜ್ಜಿ ಗೊಣಗಿದ್ದೂ ಉಂಟು.

ಗಿಡ ತೋರಿಸುವ ದಿನ ಪ್ರಯೋಗಾಲಯದ ಹೊರಗೆ ಹೂಂಳನ್ನು ಬಿಟ್ಟು ನಿಂತವರೆಲ್ಲ ಬರಿಗೈ. ಹೂಂಳದು ಕಡೆಯ ಸರದಿ. ಮೊದಲು ಹೋಗಬೇಕಾದವಳು ಒಂದೇ ನಿಮಿಷಕ್ಕೆ ಗಿಡ ಕೊಡೆಂದು ಗೋಗರೆದಳು. ಹೂಂ ಎಂದಿನಂತೆ ಹೂಂ ಅಂದಳು.

ಅಲ್ಲಿಗೆ ಕಥೆ ಮುಗಿಯಿತು. ಗಿಡ ಮುಂಬಾಗಿಲಿಂದ ಒಳಹೋಗುವುದು, ಹಿಂಬಾಗಿಲಿಂದ ಹೊರಬಂದು ಇನ್ನೊಬ್ಬರ ಕೈ ಸೇರುವುದು. ಗುರುತು ಸಿಗದಿರಲೆಂದು ಒಬ್ಬಳು ಕುಂಡಕ್ಕೆ ಬಣ್ಣದ ಕಾಗದ ಸುತ್ತಿದಳು. ಇನ್ನೊಬ್ಬ ಏನೂ ಸಿಗದೆ ತನ್ನ ಸ್ವೆಟರನ್ನೇ ತೊಡಿಸಿದ. ಮೇಷ್ಟ್ರು ಅದನ್ನೆಲ್ಲ ನೋಡುವವರೇ ಅಲ್ಲ. ಒಂದು ಎಲೆ ಕಿತ್ತು, ಸೂಕ್ಷ್ಮದರ್ಶಕದಡಿ ಇಟ್ಟು, ಆರೋಗ್ಯವಾಗಿದೆ ಎಂದು ಅಂಕ ಹಾಕಿ, ಎಲೆಯನ್ನು ಪಕ್ಕಕ್ಕಿಟ್ಟು ಮುಂದಿನವರನ್ನು ಕರೆಯುತ್ತಿದ್ದರು. ಆ ಎಲೆಯ ವಿಷಯ ಯಾವ ಬುದ್ಧಿವಂತನಿಗೂ ಹೊಳೆದಿರಲಿಲ್ಲ. ಪ್ರತಿ ಸುತ್ತಿಗೂ ಬೋಳಾಗುತ್ತಿದ್ದ ಗಿಡದಲ್ಲಿ ಉಳಿದ ಎಲೆಗಳನ್ನು ಹೂಂ ಎಣಿಸುತ್ತಿದ್ದಳು. ಆದರೆ ಅಷ್ಟರಲ್ಲಿ ಎಲ್ಲರಿಗೂ ಹೂಂ ಅಂದಾಗಿತ್ತು.

ಅವಳ ಸರದಿ ಬಂದಾಗ ಕುಂಡದಲ್ಲಿ ಉಳಿದದ್ದು ಒಂದು ಕಡ್ಡಿ.

ಮೇಷ್ಟ್ರು ಕನ್ನಡಕ ಏರಿಸಿ, ಮಿಕ್ಕವರ ಎಲೆಗಳು ಹೇಗೆ ನಳನಳಿಸುತ್ತಿದ್ದವೆಂದು ವರ್ಣಿಸಿ, ಕಡ್ಡಿಯ ಮೇಲೆ ಬೆರಳಿಟ್ಟು ಕೇಳಿದರು: “ಒಂದು ದಿನಾನಾದ್ರೂ ಇದಕ್ಕೆ ನೀರು ಹಾಕಿದ್ದೀಯೇನಮ್ಮ?”

ಹಿಂಬಾಗಿಲ ಸಂದಿಯಲ್ಲಿ ಗೆಳೆಯರೆಲ್ಲ ಕೈಮುಗಿದು, ಹುಳ ತಿಂದಿತೆಂದು ಹೇಳೆಂಬಂತೆ ಸನ್ನೆ ಮಾಡುತ್ತಿದ್ದರು. ತನ್ನನ್ನು ಏನಂದಿದ್ದರೂ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ, ನೀರಿನ ಮಾತು ಮಾತ್ರ ತಡೆಯಲಾಗಲಿಲ್ಲ. ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

“ಇದರ ಎಲೆಯೆಲ್ಲ ನಿಮ್ಮ ಮೇಜಿನ ಮೇಲೇ ಇದೆ ಸಾರ್. ಎಲ್ಲರೂ ತಂದಿದ್ದು ಇದೇ ಗಿಡ. ಕೊಟ್ಟಿದ್ದು ನಾನೇ.”

ಮೇಷ್ಟ್ರು ಒಂದೊಂದೇ ಎಲೆಯ ತೊಟ್ಟನ್ನು ಕಡ್ಡಿಗೆ ಹಿಡಿದು ನೋಡಿದರು. ಕಿತ್ತ ಗುರುತಿಗೆಲ್ಲ ಸರಿಯಾಗಿ ಕೂತವು. ಅವರ ಮುಖ ಇಂಗು ತಿಂದ ಮಂಗನಂತಾಯಿತು. ಆಮೇಲೆ ಎಲ್ಲರನ್ನೂ ಒಳಗೆ ಕರೆದರು.

“ಗಿಡಕ್ಕೆ ಪೂರ್ತಿ ಅಂಕ ಕೊಟ್ಟಿದ್ದೀನಿ. ಇವತ್ತಿನ ಮಟ್ಟಿಗೆ ಪರೀಕ್ಷೆಗೆ ಕೂರೋ ಯೋಗ್ಯತೆ ಇರೋದು ಅದಕ್ಕೊಂದಕ್ಕೇ.” ಹೂಂಳ ಕಡೆ ತಿರುಗಿದರು. “ಸಾಕಿದ್ದು ನೀನೇ, ಸರಿ. ಇಷ್ಟು ಜನರ ಸುಳ್ಳಿಗೆ ಕುಂಡ ಕೊಟ್ಟವಳೂ ನೀನೇ. ನೀನೂ ಮತ್ತೆ ಬೆಳೆಸು.”

ಎಲ್ಲರಿಗೂ ಹೊಸ ಬೀಜ ಸಿಕ್ಕಿತು, ಪರೀಕ್ಷೆಯವರೆಗೆ ಗಡುವೂ ಸಿಕ್ಕಿತು. ಹೊರಗೆ ಬಂದ ಕೂಡಲೇ ಸ್ವೆಟರಿನವನು ಮೆಲ್ಲಗೆ ತನ್ನ ಬೀಜ ಚಾಚಿ, ಹೇಗೂ ನಿನ್ನದು ಬೆಳೆಸುತ್ತೀಯಲ್ಲ, ಇದನ್ನೂ ಜೊತೆಗೆ ಹಾಕಿಬಿಡು ಎಂದ. ಉಳಿದವರ ಕೈಗಳೂ ಜೇಬಿನಿಂದ ಹೊರಬಂದವು.

ಹುಡುಗಿ ಕಡ್ಡಿಯ ಕುಂಡವನ್ನು ಸೊಂಟಕ್ಕೇರಿಸಿಕೊಂಡಳು.

“ಯಾಕೆ, ನಿಮ್ಮನೆಗೆ ಬಿಸಿಲು ಬೀಳಲ್ವಾ?” ಎಂದು ಕೇಳಿ ಮನೆಯ ದಾರಿ ಹಿಡಿದಳು.