ಎರಡನೇ ಗೇರಿಗೆ ಬೀಳುವಾಗ

ಗೇರ್‌ಬಾಕ್ಸ್ ಹೋಗಿದೆ ಅನ್ನೋದು ಬಾಯಿ ಇದ್ದವರೆಲ್ಲ ಹೇಳುವ ಮಾತು. ಹೇಳೋಕೆ ಕೈಗೆ ಎಣ್ಣೆ ಅಂಟಬೇಕಿಲ್ಲವಲ್ಲ! ನಮ್ಮ ಭಾವನೂ ಅದನ್ನೇ ಹೇಳಿಕೊಂಡು ಬಂದರು. ಅಕ್ಕನ ಹಳೇ ಡೀಸೆಲ್ ಕಾರನ್ನು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿ, ಪೂರ್ತಿ ಇಳಿಯುವ ಮೊದಲೇ ತೀರ್ಪು ಕೊಟ್ಟುಬಿಟ್ಟರು.

"ಗುಜರಿಯವನಿಗೆ ಇಲ್ಲಿಗೇ ಬಾ ಅಂದಿದ್ದೀನಿ. ನಿಮ್ಮಕ್ಕನಿಗೆ ಒಂದು ಸಲ ನಿನ್ನ ಬಾಯಿಂದ ಕೇಳಬೇಕಂತೆ. ಇದು ಇನ್ನು ಆಗಲ್ಲ ಅಂತ ಹೇಳ್ಬಿಡಮ್ಮ, ಸಹಿ ಹಾಕ್ತಾಳೆ."

"ನೋಡದೇನೇ ಹೇಳ್ಲಾ?"

"ನೋಡೋಕೇನಿದೆ? ಕತ್ತೆ ಒದ್ದ ಹಾಗೆ ಒದೀತಿದೆ."

ಅಕ್ಕ ಪಕ್ಕದ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಕಾರು, ಅವಳ ಹೆಸರಿನಲ್ಲಿರುವ ಕಾರು, ಅವಳು ಪಕ್ಕದ ಸೀಟಿನಲ್ಲಿ! ನನಗೆ ಅಲ್ಲೇ ಮೈ ಉರಿಯಿತು.

ಅಕ್ಕನ ಎಡಗಾಲಿಗೆ ಚಿಕ್ಕಂದಿನ ಜ್ವರದಿಂದಲೇ ಬಲ ಇಲ್ಲ. ಕ್ಲಚ್ ತುಳಿಯೋಕಾಗಲ್ಲ. ಅದಕ್ಕೇ ಅಪ್ಪ ಊರೆಲ್ಲ ಹುಡುಕಿ, ತಾನಾಗೇ ಗೇರು ಬೀಳುವ ಈ ಕಾರನ್ನು ಅವಳಿಗೆ ಅಂತ ತಂದಿದ್ದರು. ಅವಳು ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುತ್ತಾಳೆ. ಕಾರು ಹೋದರೆ ಕೆಲಸ ಹೋಯಿತು. ಆಮೇಲೆ ಹೊಸಿಲು ದಾಟಬೇಕಾದರೂ ಈ ಮಹಾರಾಯರ ಮುಖ ನೋಡಬೇಕು.

"ಇಳೀರಿ ಭಾವ. ಅಕ್ಕ ಓಡಿಸ್ಲಿ, ನಾನು ಕೂತು ನೋಡ್ತೀನಿ."

ಭಾವ ಇಳಿದು ಹಿಂದಿನ ಸೀಟಿಗೆ ಬಂದು ಕೂತರು, ಯಾರೋ ಕರೆದ ಹಾಗೆ. ಬೀದಿ ಕೊನೆ ಮುಟ್ಟುವುದರೊಳಗೆ ಒಂದರಿಂದ ಎರಡಕ್ಕೆ ಬೀಳುವಾಗ ಕಾರು ಎಂಥಾ ಒದೆ ಕೊಟ್ಟಿತು ಅಂದರೆ ನನ್ನ ಹಲ್ಲು ಕಟ್ಟೆಂದಿತು.

"ನೋಡಿದ್ಯಾ? ಇವಳ ಕಾಲೇ ಹಾಗೆ, ಮೆತ್ತಗೆ ಒತ್ತೋಕೆ ಬರಲ್ಲ. ಬಾಕ್ಸನ್ನೇ ಹಾಳು ಮಾಡಿದಳು. ಕೇಳಿದ್ರೆ ಕಾರು ಸರಿ ಇಲ್ಲ ಅಂತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

"ಆಕ್ಸಿಲರೇಟರ್ ಒತ್ತೋದು ಬಲಗಾಲು ಭಾವ. ಅವಳ ಬಲಗಾಲು ನಿಮ್ಮ ನಾಲಿಗೆಗಿಂತ ಹದ್ದುಬಸ್ತಿನಲ್ಲಿದೆ."

ನಾದಿನಿ ತಮಾಷೆ ಮಾಡಿದಳು ಅಂದುಕೊಂಡು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ವಾಪಸ್ ಬಂದು ಅಕ್ಕ ಕೀ ತಿರುಗಿಸಿದಳು. ಇಂಜಿನ್ ಆಫ್ ಆಗಲಿಲ್ಲ. ಇನ್ನಷ್ಟು ಹೊತ್ತು ಗಡಗಡ ಅಂದು, ಮನಸ್ಸಿಲ್ಲದೆ ನಿಂತಿತು. ನನ್ನ ಕಿವಿ ನೆಟ್ಟಗಾಯಿತು. ಭಾವ ಫೋನು ಹಿಡಿದು ಬೀದಿಗೆ ಹೋದರು, ಗುಜರಿಯವನಿಗೆ ದಾರಿ ಹೇಳೋಕೆ.

ಮೊದಲು ಗೇರ್ ಎಣ್ಣೆ ನೋಡಿದೆ. ಕೆಂಪಗಿತ್ತು, ಸುಟ್ಟ ವಾಸನೆ ಇಲ್ಲ. ಸತ್ತ ಬಾಕ್ಸಿನ ಎಣ್ಣೆ ಹೀಗಿರಲ್ಲ.

"ಅಕ್ಕ, ಇಲ್ಲಿ ಬಾ. ಈ ಪಂಪು ಗಾಳಿ ಎಳೆಯತ್ತಲ್ಲ, ಆ ಎಳೆತಾನೇ ಈ ಸಣ್ಣ ಪೈಪುಗಳಲ್ಲಿ ಎಲ್ಲಾ ಕಡೆ ಹೋಗತ್ತೆ. ಕೀ ತಿರುಗಿಸಿದಾಗ ಇಂಜಿನ್ ನಿಲ್ಲಿಸೋದು ಅದೇ, ಬಾಗಿಲ ಬೀಗ ಹಾಕೋದು ಅದೇ, ಗೇರು ಮೆತ್ತಗೆ ಬೀಳೋ ಹಾಗೆ ನೋಡ್ಕೊಳ್ಳೋದೂ ಅದೇ. ಎಲ್ಲೋ ಒಂದು ಕಡೆ ತೂತು ಬಿದ್ರೆ, ಯಾರೋ ಜೋರಾಗಿ ತುಳಿದ್ರು ಅಂದ್ಕೊಂಡು ಗೇರು ಒದೆಯತ್ತೆ. ತಪ್ಪು ಅದರದ್ದಲ್ಲ."

"ನನ್ನ ಕಾಲಿಂದ ಅಲ್ವಾ?"

"ಅಲ್ವೇ ಅಲ್ಲ ಮಾರಾಯ್ತಿ!"

ಎಳೆತ ಅಳೆಯುವ ಮೀಟರನ್ನು ಪಂಪಿಗೆ ಸಿಕ್ಕಿಸಿ ಇಂಜಿನ್ ಸ್ಟಾರ್ಟ್ ಮಾಡಿಸಿದೆ. ಮುಳ್ಳು ಅರ್ಧಕ್ಕೂ ಏರಲಿಲ್ಲ. ಒಂದೊಂದೇ ಪೈಪನ್ನು ಬೆರಳಲ್ಲಿ ಒತ್ತಿ ಹಿಡಿದು ನೋಡುತ್ತ ಬಂದೆ. ಗೇರಿನ ಪೈಪು ಒತ್ತಿದರೆ ಮುಳ್ಳು ಹಾಗೇ ಇತ್ತು. ಇಂಜಿನ್ ನಿಲ್ಲಿಸುವ ಪೈಪು ಒತ್ತಿದರೂ ಹಾಗೇ. ಬಾಗಿಲ ಬೀಗದ ಪೈಪು ಒತ್ತಿದೆ ನೋಡಿ, ಮುಳ್ಳು ಚಂಗನೆ ನೆಟ್ಟಗೆ ನಿಂತಿತು. ಕಳ್ಳ ಸಿಕ್ಕಿದ!

ಡ್ರೈವರ್ ಬಾಗಿಲ ಒಳಗಿನ ಹಲಗೆ ಬಿಚ್ಚಿದೆ. ನನಗಿಂತ ಮೊದಲೇ ಯಾರೋ ಬಿಚ್ಚಿದ್ದರು. ಕ್ಲಿಪ್ಪುಗಳು ಮುರಿದಿದ್ದವು. ಒಳಗೆ, ಇಲ್ಲಿಂದ ಉಳಿದ ಬಾಗಿಲ ಬೀಗಗಳಿಗೆ ಹೋಗುವ ಪೈಪು ಎರಡು ತುಂಡು. ಹಳೇ ರಬ್ಬರು ಬಿರುಕು ಬಿಡುತ್ತೆ, ಗಟ್ಟಿಯಾಗಿ ಪುಡಿ ಉದುರುತ್ತೆ. ಇದನ್ನು ಸೌತೆಕಾಯಿ ಹೆಚ್ಚಿದ ಹಾಗೆ ನುಣ್ಣಗೆ ಕತ್ತರಿಸಿದ್ದರು.

"ಇದನ್ನ ಯಾರಕ್ಕಾ ಮುಟ್ಟಿದ್ದು?"

ಅಕ್ಕ ಆ ತುಂಡನ್ನೇ ನೋಡಿದಳು. ಆಮೇಲೆ ತಡೆದು ತಡೆದು ಹೇಳಿದಳು.

"ಅವರು ಬೈಯೋಕೆ ಶುರು ಮಾಡಿದ್ರೆ ನಿಲ್ಲಿಸಲ್ಲ ಪುಟ್ಟಿ. ಮನೇಲಿ ಯಾವ ಕೋಣೆಗೂ ಚಿಲಕ ಇಲ್ಲ, ಎಲ್ಲಾ ತೆಗೆಸಿದಾರೆ. ನಾನು ಬಂದು ಕಾರಲ್ಲಿ ಕೂತ್ಕೊಳ್ತಿದ್ದೆ. ಇಲ್ಲಿ ಒಂದು ಗುಂಡಿ ಒತ್ತಿದ್ರೆ ಎಲ್ಲಾ ಬಾಗಿಲೂ ಹಾಕ್ಕೊಳ್ತಿತ್ತಲ್ಲ. ಸ್ವಲ್ಪ ಹೊತ್ತು ಸುಮ್ನೆ ಇರ್ತಿದ್ದೆ, ಅಷ್ಟೇ. ಆಮೇಲೊಂದಿನ ಉಳಿದ ಬಾಗಿಲಿಗೆ ಬೀಗ ಬೀಳೋದು ನಿಂತೋಯ್ತು. ಅವರು ಹಿಂದಿಂದ ಹತ್ತಿ ಕೂತು, ನನ್ನ ಕಿವಿ ಹತ್ರ ಬೈಯೋಕೆ ಶುರು ಮಾಡಿದ್ರು. ಕಾರಿಗೆ ವಯಸ್ಸಾಯ್ತು ಅಂದ್ಕೊಂಡೆ."

"ಗೇರು ಒದೆಯೋಕೆ ಶುರುವಾಗಿದ್ದು?"

"ಆವಾಗ್ಲೇ."

ನನಗೆ ಪಿತ್ತ ನೆತ್ತಿಗೇರಿತು. ಸ್ಪ್ಯಾನರ್ ಎಸೆದೆ, ಗೋಡೆಗೆ ಬಡಿದು ಬಿತ್ತು. ಬೀಗದ ಪೈಪು ಕತ್ತರಿಸಿದ ಆ ಜಾಣನಿಗೆ ಅದೇ ಗಾಳಿ ಗೇರಿಗೂ ಹೋಗುತ್ತೆ ಅಂತ ಎಲ್ಲಿ ಗೊತ್ತು? ಕಾರು ಒದ್ದಾಗ, ಇದೂ ಒಳ್ಳೇದೇ ಆಯಿತು ಅಂತ ಅಕ್ಕನ ಕಾಲಿನ ಮೇಲೆ ಹೊರಿಸಿ, ಕಾರನ್ನೇ ಗುಜರಿಗೆ ಹಾಕೋಕೆ ಹೊರಟ. ಥೂ! ಹೊಸ ರಬ್ಬರ್ ತುಂಡು ಹುಡುಕಿ ಎರಡೂ ತುದಿ ಸೇರಿಸಿದೆ. ಮುಳ್ಳು ಏರಿ ನಿಂತಿತು.

ಹಲಗೆ ಕೂರಿಸಿ ಬಾಗಿಲು ಮುಚ್ಚಿದ ಮೇಲೆ ಭಾವ ಗುಜರಿಯವನನ್ನು ಕರೆದುಕೊಂಡು ಬಂದರು. ಗುಜರಿಯವನ ಕೈಯಲ್ಲಿ ಕಾಗದವಿತ್ತು.

"ಏನಂತೆ? ಬಾಕ್ಸ್ ಹೋಗಿದೆ ತಾನೆ?"

"ಬಾಕ್ಸ್ ಕಲ್ಲುಗುಂಡಿನ ಹಾಗಿದೆ. ಯಾರೋ ಒಂದು ಪೈಪು ಕತ್ತರಿಸಿದ್ರು."

"ಬಾಗಿಲೊಳಗಿನ ಪೈಪು ನಾನ್ಯಾಕೆ ಕತ್ತರಿಸ್ಲಿ?"

"ಬಾಗಿಲು ಅಂತ ನಾನು ಹೇಳ್ಲೇ ಇಲ್ವಲ್ಲ ಭಾವ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಾ?"

ಗುಜರಿಯವನು ಕಾಗದ ಮಡಿಚಿದ. ಭಾವನ ಮುಖ ಕೆಂಪಗಾಯಿತು.

"ಅವಳ ಒಳ್ಳೇದಕ್ಕೇ ಮಾಡಿದ್ದು! ಬಿಸಿಲಲ್ಲಿ ಎಲ್ಲಾ ಬಾಗಿಲು ಹಾಕ್ಕೊಂಡು ಕೂತ್ರೆ ಉಸಿರು ಕಟ್ಟಲ್ವಾ?"

ಅಕ್ಕ ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಅವಳ ಧ್ವನಿ ಅಷ್ಟು ಏರಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಉಸಿರಾಡೋಕೆ ಅಂತಾನೇ ನಾನು ಇದರೊಳಗೆ ಬರ್ತಿದ್ದೆ! ಅದನ್ನೂ ಬಿಡಲಿಲ್ಲ ನೀವು. ಮಾಡಿದ್ದು ನೀವು, ದಿನಾ ಬೈಸ್ಕೊಂಡಿದ್ದು ನನ್ನ ಕಾಲು. ನಾನು ರಾತ್ರಿ ಕೂತು ಈ ಕಾಲನ್ನೇ ಶಪಿಸಿದೀನಿ, ಗೊತ್ತಾ?"

"ಬೀದಿಲಿ ಕಿರುಚಬೇಡ. ಸಹಿ ಹಾಕು, ಮನೇಲಿ ಮಾತಾಡೋಣ."

ಅಕ್ಕ ನನ್ನ ಕಡೆ ಕೈ ಚಾಚಿದಳು. "ಪುಟ್ಟಿ, ನಿನ್ನ ಮನೆ ಕೀ ಕೊಡು."

ಕೊಟ್ಟೆ. ಅವಳು ಇಂಜಿನ್ ಸ್ಟಾರ್ಟ್ ಮಾಡಿ ಬಾಗಿಲ ಗುಂಡಿ ಒತ್ತಿದಳು. ನಾಲ್ಕೂ ಬಾಗಿಲು ಒಟ್ಟಿಗೆ ಟಕ್ ಅಂದವು. ಭಾವ ಓಡಿ ಹೋಗಿ ಹಿಂದಿನ ಬಾಗಿಲ ಹಿಡಿ ಜಗ್ಗಿದರು, ಗಾಜು ಬಡಿದರು. ಅಕ್ಕ ತಿರುಗಿ ನೋಡಲಿಲ್ಲ. ಕಾರು ಹೊರಟಿತು. ನಾನು ಕಿವಿಗೊಟ್ಟು ನಿಂತೆ. ಎರಡಕ್ಕೆ ಬಿದ್ದಿದ್ದು ಗೊತ್ತೇ ಆಗಲಿಲ್ಲ, ಮೂರಕ್ಕೂ ಹಾಗೇ. ತಿರುವಿನಲ್ಲಿ ಮರೆಯಾದಳು.

ಭಾವ ಬೆವರು ಒರೆಸಿಕೊಳ್ಳುತ್ತ ನನ್ನ ಕಡೆ ಬಂದರು. "ಫೋನ್ ಮಾಡು ಅವಳಿಗೆ. ನೀನು ಮಾಡಿದ್ರೆ ಎತ್ತುತ್ತಾಳೆ. ವಾಪಸ್ ಬಾ ಅಂತ ಹೇಳು."

"ಗಾಡಿ ಓಡಿಸ್ತಿರೋರಿಗೆ ಫೋನ್ ಮಾಡಬಾರದು ಭಾವ," ಅಂದೆ. ಶಟರ್ ಎಳೆದುಕೊಂಡೆ.