ಬಚ್ಚಿಟ್ಟ ಆಟಗಾರ

ಆಗಸ್ಟ್ ಕೊನೆಯ ಆ ಮಂಗಳವಾರ ಅಮೆರಿಕನ್ ಫುಟ್‌ಬಾಲ್ ತಂಡ ಐವತ್ಮೂರು ಜನಕ್ಕೆ ಇಳಿಯಬೇಕಿತ್ತು. ಕೆಡ್ರಿಕ್ ಮಾಲ್ವೊ ಐವತ್ನಾಲ್ಕನೆಯವನಾದ. ಆಟದ ತಂತ್ರಗಳಿದ್ದ ಟ್ಯಾಬ್ಲೆಟ್ಟನ್ನು ಅವನು, ಬಾಡಿಗೆ ಮನೆಯ ಬೀಗದಕೈ ಹಿಂತಿರುಗಿಸುವವನಂತೆ, ಮೇಜಿನ ಮೇಲಿಟ್ಟ. ಎರಡು ವರ್ಷ ಅವನನ್ನು ತಿದ್ದಿದ್ದ ಮುದಿ ಕೋಚ್ ಆರ್ವಿಲ್ ಡೆಜೆಲನ್ ಕಿಟಕಿಯಾಚೆ ಸರೋವರದ ಬೂದು ನೀರನ್ನು ನೋಡುತ್ತಿದ್ದರು.

"ಎರಡು ಪಂದ್ಯ ಬೆಂಚ್ ಕಾಯಿಸಿದ್ರಿ ಕೋಚ್. ಅಷ್ಟೊಂದು ದಂಡಾನಾ ನಾನು?"

"ದಂಡ ಆಗಿದ್ರೆ ಆಡಿಸ್ತಿದ್ದೆ ಕಣೋ. ಚೆನ್ನಾಗಿದ್ದೀಯ ಅಂತಾನೇ ಬಚ್ಚಿಟ್ಟಿದ್ದು."

ಅವನ ಹೆಸರು ಇನ್ನು ತಂಡಗಳು ಕೈಬಿಟ್ಟವರ ವೇವರ್ ಪಟ್ಟಿಗೆ ಹೋಗುತ್ತದೆ. ನಾಳೆ ನಡುಹಗಲಿನೊಳಗೆ ಉಳಿದ ಮೂವತ್ತೊಂದು ತಂಡಗಳಲ್ಲಿ ಯಾವುದಾದರೂ ಬೇಕೆಂದರೆ ಅವನು ಆ ತಂಡದವನು. ಅವನ ಇಷ್ಟವನ್ನು ಯಾರೂ ಕೇಳರು. ಎರಡು ತಂಡ ಬಯಸಿದರೆ, ಕಳೆದ ವರ್ಷ ಹೆಚ್ಚು ಸೋತವರಿಗೆ ಮೊದಲ ಹಕ್ಕು. ಯಾರೂ ಕೇಳದಿದ್ದರೆ ಅವನು ಐವತ್ಮೂರರ ಹೊರಗೆ, ಇಲ್ಲಿಯ ಅಭ್ಯಾಸದ ಬಳಗಕ್ಕೇ ಮರಳಬಹುದು. ಆರ್ವಿಲ್ ಬಯಸಿದ್ದು ಅದನ್ನೇ. ಅದಕ್ಕಾಗಿಯೇ ಹೊರಗಿನವರ ಕಣ್ಣಿಗೆ ಬೀಳದಂತೆ ಅವನನ್ನು ಕಾದಿದ್ದರು. ಆದರೆ ಕೊನೆಯ ಅಭ್ಯಾಸ ಪಂದ್ಯದಲ್ಲಿ ಇಬ್ಬರು ಗಾಯಗೊಂಡರು. ಗತಿಯಿಲ್ಲದೆ ಇಳಿಸಿದ ಹುಡುಗ ಒಂಟಿ ಕೈಯಲ್ಲಿ ಚೆಂಡು ಹಿಡಿದುಬಿಟ್ಟ.

"ಎದುರಾಳಿಗೆ ಬರೀ ಅಡ್ಡ ನಿಲ್ಲು ಅಂದಿದ್ನಲ್ಲೋ ನಿಂಗೆ."

"ಚೆಂಡು ಬಂತು ಕೋಚ್. ಬಿಡೋದನ್ನ ನೀವು ಕಲಿಸಿರ್ಲಿಲ್ಲ." ಬಾಗಿಲ ಬಳಿ ನಿಂತು ಅವನು ಮೆಲ್ಲಗೆ ಹೇಳಿದ: "ಐವತ್ಮೂರರ ಪಟ್ಟೀಲಿ ಒಂದ್ ಸಲ ಹೆಸರು ನೋಡ್ಬೇಕಿತ್ತು. ಎಲ್ಲಾದ್ರೂ ಸರಿ."

ಮರುದಿನ ಹನ್ನೊಂದೂವರೆಗೆ ಆರ್ವಿಲ್‌ರ ಫೋನು ರಿಂಗಣಿಸಿತು. ಹಳೆಯ ಗೆಳೆಯ ಲಾನಿ ಬ್ರೆಕ್ಟ್. ಕಳೆದ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡದ ಕೋಚ್.

"ಏನ್ ಮುದುಕಪ್ಪ, ಇನ್ನೂ ಓಡಿಸ್ಲಿಲ್ವಾ ನಿನ್ನ?"

"ನೀವು ಸೋಲೋದ್ ನೋಡಿ ನಗೋಕೆ ಒಬ್ರು ಬೇಕಲ್ಲ, ಇಟ್ಕೊಂಡಿದ್ದಾರೆ."

ಲಾನಿ ನಕ್ಕ. ಆಮೇಲೆ ದನಿ ತಗ್ಗಿಸಿದ. "ಆ ಒಂಟಿ ಕೈಲಿ ಚೆಂಡು ಹಿಡಿದ ಹುಡುಗ. ಮೊಣಕಾಲು ಆಪರೇಷನ್ ಆಗಿತ್ತಲ್ಲ, ಈಗ ಹೇಗಿದೆ? ನೀನು ಹೇಳಿದ್ರೆ ನಂಬ್ತೀನಿ."

ಚಳಿಗೆ ಸ್ವಲ್ಪ ಊದುತ್ತದೆ ಎಂದರೆ ಸಾಕಿತ್ತು. ಹುಡುಗ ಇಲ್ಲಿಯೇ ಉಳಿಯುತ್ತಿದ್ದ; ಬೆಳಗಿನ ಮೈದಾನದಲ್ಲಿ ಇನ್ನೊಂದು ಚಳಿಗಾಲ ಅವನ ಉಸಿರಿನ ಹೊಗೆ ಕಾಣುತ್ತಿತ್ತು. ಆರ್ವಿಲ್ ತಣ್ಣಗಾದ ಕಾಫಿಯ ಲೋಟವನ್ನು ಒಮ್ಮೆ ತಿರುಗಿಸಿಟ್ಟರು.

"ಕಾಲು ಗಟ್ಟಿ ಇದೆ ಲಾನಿ. ಎಡಕ್ಕೆ ತಿರುಗೋವಾಗ ನೆಟ್ಟಗೆ ನಿಂತ್‌ಬಿಡ್ತಾನೆ. ಬೈಬೇಡ. ಎರಡು ಸಲ ತೋರಿಸು, ಕಲಿತಾನೆ."

ಹನ್ನೆರಡು ಕಳೆದು ಕೆಲವೇ ನಿಮಿಷಕ್ಕೆ ಸುದ್ದಿ ಬಂತು. ಕೆಡ್ರಿಕ್ ಚೀಲ ಹೆಗಲಿಗೇರಿಸಿ ಬಂದ. "ಮೂರು ಗಂಟೆಗೆ ವಿಮಾನ ಕೋಚ್. ಐವತ್ಮೂರರಲ್ಲಿ ಸೇರ್ಸಿದ್ದಾರಂತೆ."

"ನೋಡಿದೆ." ಆರ್ವಿಲ್ ಕುರ್ಚಿಯನ್ನು ಬದಿಗೆ ಸರಿಸಿ, ಕೋಣೆಯ ನಡುವೆ ಜಾಗ ಮಾಡಿದರು. "ಚೀಲ ಇಳಿಸು. ಎಡಕ್ಕೆ ತಿರುಗು ನೋಡೋಣ. ಸೊಂಟ ಇನ್ನೂ ಕೆಳಗೆ."